ಮೆಜೆಸ್ಟಿಕ್ ಕಟ್ಟೆ: ಅಕ್ಕನ ಪಿಎಫ್ ದುಡ್ಡು, ತಮ್ಮನ ಪೋಸು!

ಅಭಿಮಾನಿ ಮಿತ್ರರೇ, ಈ ವಾರ ಕಟ್ಟೆಯ ಮೇಲೆ ಗಾಸಿಪ್ಪಿಗೆ ರಜಾ. ಯಾವ ನಾಯಕಿ ಯಾರ ಕಾರಿನಿಂದ ಇಳಿದಳು, ಯಾವ ನಿರ್ಮಾಪಕರ ಚೆಕ್ಕು ಎಲ್ಲಿ ಬೌನ್ಸ್ ಆಯ್ತು ಅನ್ನೋದೆಲ್ಲ ಮುಂದಿನ ವಾರ. ಬೈಕೋಬೇಡಿ. ಇದಕ್ಕೆ ಕಾರಣ ಒಂದು ಕಾಗದ.

ಬರೆದವನು ಹಾವೇರಿ ಜಿಲ್ಲೆಯ ಹುಡುಗ. ವಯಸ್ಸು 20. ಹೆಸರು ಊರು ಬೇಡ, ಅವನ ಮನೆಯವರೂ ಈ ಪತ್ರಿಕೆ ಓದುತ್ತಾರಂತೆ. ಕಾಗದದ ಜೊತೆ ಎರಡು ಫೋಟೋ ಇಟ್ಟಿದ್ದಾನೆ. ಒಂದರಲ್ಲಿ ಕೂಲಿಂಗ್ ಗ್ಲಾಸು ಹಾಕಿ ಬೈಕಿಗೆ ಒರಗಿ ನಿಂತ ಭಂಗಿ. ಇನ್ನೊಂದರಲ್ಲಿ ಶರಟಿನ ಎರಡು ಗುಂಡಿ ಬಿಚ್ಚಿ, ಆಕಾಶದ ಕಡೆ ನೋಡುತ್ತಾ ಏನೋ ಯೋಚನೆ. ಹುಡುಗ ನಿಜಕ್ಕೂ ಚೆನ್ನಾಗಿದ್ದಾನೆ! ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯ್ತು ಅಂತ ಒಪ್ಪಿಕೊಳ್ತೀನಿ.

ಕಾಗದದ ಒಕ್ಕಣೆ ಹೀಗಿದೆ:

"ಅಣ್ಣಾರ, ನಾನು ಫ್ಯಾಷನ್ ಲೈನಿಗೆ ಬರಬೇಕಂತ ಮಾಡೇನಿ. ಬೆಂಗಳೂರಿಂದ ಫೋನ್ ಬಂದಿತ್ತು. ನೀವು ಸೆಲೆಕ್ಟ್ ಆಗೀರಿ, ಪೋರ್ಟ್‌ಫೋಲಿಯೊಕ್ಕ 45,000 ರೂಪಾಯಿ ಕಟ್ರಿ, ಮುಂದಿನ ತಿಂಗಳ ರ‍್ಯಾಂಪ್ ಶೋ ಐತಿ ಅಂದ್ರು. ಅವ್ವನ ಬೆಂಡೋಲಿ ಒತ್ತಿ ಇಡಬೇಕಂತ ಮಾಡೇನಿ. ನೀವು ಸಿನಿಮಾದವರ ಜೋಡಿ ಇರೋರು, ನಿಮಗ ಎಲ್ಲಾ ಗೊತ್ತಿರ್ತದ. ಕಟ್ಟಲೋ ಬ್ಯಾಡೋ ಜಲ್ದಿ ತಿಳಸ್ರಿ. ಹದಿನೈದು ದಿನ ಟೈಮ್ ಕೊಟ್ಟಾರ."

ತಮ್ಮಾ, ಕಟ್ಟಬೇಡ. ಅವ್ವನ ಬೆಂಡೋಲಿ ಅವ್ವನ ಕಿವಿಯಲ್ಲೇ ಇರಲಿ.

ಇಷ್ಟನ್ನು ಅವತ್ತೇ ಒಂದು ಕಾರ್ಡಿನಲ್ಲಿ ಬರೆದು ಡಬ್ಬಿಗೆ ಹಾಕಿದ್ದೇನೆ. ಆದರೆ 'ಬೇಡ' ಅನ್ನೋ ಒಂದು ಮಾತಿಗೆ ಇಪ್ಪತ್ತು ವರ್ಷದ ಹುಡುಗ ನಿಲ್ಲೋದಿಲ್ಲ. ನನಗೂ ನಾಲ್ಕು ಜನ ಬೇಡ ಅಂದಿದ್ದರು. ನಾನು ನಿಂತೆನಾ? ಆದ್ದರಿಂದ ನನ್ನ ಮಾನವನ್ನು ನಾನೇ ಕಟ್ಟೆ ಮೇಲೆ ಹರಾಜು ಹಾಕಬೇಕಾಗಿದೆ. ಕೇಳಿ.

ನಾನೂ ಒಬ್ಬ 'ಮಾಡೆಲ್'!

ನಮ್ಮದು ಮದ್ದೂರಿನ ಕಡೆಯ ಹಳ್ಳಿ. ನಾನು ಪಿಯುಸಿ ಅರ್ಧಕ್ಕೆ ಕೈಬಿಟ್ಟು ಬೆಂಗಳೂರಿಗೆ ಬಂದವನು. ನನಗಿಂತ ಮುಂಚೆ ಬಂದವಳು ಅಕ್ಕ. ಬೊಮ್ಮನಹಳ್ಳಿ ಕಡೆ ಒಂದು ಗಾರ್ಮೆಂಟ್ಸಿನಲ್ಲಿ ಟೈಲರ್. ಒಂದೇ ರೂಮಿನ ಬಾಡಿಗೆ ಮನೆ. ಬೆಳಿಗ್ಗೆ ಅವಳು ಎದ್ದು ಅಡುಗೆ ಮಾಡಿ, ಡಬ್ಬಿ ಕಟ್ಟಿಕೊಂಡು ಎಂಟೂವರೆಯ ಸೈರನ್ನಿಗೆ ಓಡುತ್ತಿದ್ದಳು. ನಾನು ಹತ್ತಕ್ಕೆ ಎದ್ದು ಕನ್ನಡಿ ಮುಂದೆ ನಿಲ್ಲುತ್ತಿದ್ದೆ.

ಜಾನ್ ಅಬ್ರಹಾಂ 1999ರಲ್ಲಿ 'ಗ್ಲಾಡ್‌ರ‍್ಯಾಗ್ಸ್ ಮ್ಯಾನ್‌ಹಂಟ್' ಗೆದ್ದು 2003ಕ್ಕೆ ಹೀರೋ ಆದ. ನಮ್ಮ ಬೆಂಗಳೂರಿನ ಹುಡುಗಿ ದೀಪಿಕಾ ಪಡುಕೋಣೆ ಮಾಡೆಲ್ ಆಗಿದ್ದು, 2006ರಲ್ಲಿ ಕನ್ನಡದ 'ಐಶ್ವರ್ಯ' ಮಾಡಿ, ಮರುವರ್ಷ ಬಾಂಬೆಯಲ್ಲಿ ರಾಣಿಯಾದಳು. ಇವೆರಡು ಕಥೆ ನನಗೆ ಬಾಯಿಪಾಠ. ಅಬ್ರಹಾಂ ಎಂಬಿಎ ಮುಗಿಸಿ ಜಾಹೀರಾತು ಲೈನಿನಲ್ಲಿ ಸಂಬಳಕ್ಕೆ ದುಡಿಯುತ್ತಿದ್ದವನು ಅನ್ನೋ ಭಾಗ ಮಾತ್ರ ನನ್ನ ತಲೆಗೆ ಹತ್ತಿರಲಿಲ್ಲ!

2017ರಲ್ಲಿ ಒಂದು ದಿನ ಫೋನ್ ಬಂತು. "ಸಾರ್, ಯೂ ಆರ್ ಸೆಲೆಕ್ಟೆಡ್." ಯಾವುದಕ್ಕೆ ಅಂತ ನಾನು ಕೇಳಲೇ ಇಲ್ಲ. ಆಫೀಸು ಮೂರನೇ ಮಹಡಿಯಲ್ಲಿ. ಹೆಸರು ಬೇಡ, ಈಗ ಅಲ್ಲಿ ಬೇರೆ ಯಾರೋ ಇದ್ದಾರೆ. ಗೋಡೆ ತುಂಬಾ ದೊಡ್ಡ ದೊಡ್ಡ ಸ್ಟಾರುಗಳ ಫೋಟೋ. ಎಸಿ ಗಾಳಿ, ಗಾಜಿನ ಟೇಬಲ್, ನಗುಮುಖದ ಮೇಡಂ. ನನ್ನನ್ನು ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಅಂದರು. "ಗುಡ್ ಫೇಸ್" ಅಂದರು. ಅಷ್ಟೇ ಸಾಕಾಯ್ತು ಸ್ವಾಮಿ! ನಮ್ಮೂರಲ್ಲಿ ನನ್ನ ಮುಖಕ್ಕೆ ಯಾರೂ ಗುಡ್ ಅಂದಿರಲಿಲ್ಲ. ಪೋರ್ಟ್‌ಫೋಲಿಯೊ ಫೀಸು 38,000 ರೂಪಾಯಿ.

ಆ 38,000 ಎಲ್ಲಿಂದ ಬಂತು ಅನ್ನೋದೇ ಈ ವಾರದ ಕಥೆ.

2016ರ ಏಪ್ರಿಲ್ 18, 19. ನಿಮ್ಮಲ್ಲಿ ಬೆಂಗಳೂರಿನವರಿಗೆ ನೆನಪಿರಬಹುದು. ನೌಕರಿ ಬಿಟ್ಟರೂ ಮಾಲೀಕರ ಪಾಲಿನ ಪಿಎಫ್ ದುಡ್ಡನ್ನು 58 ವರ್ಷ ಆಗುವವರೆಗೆ ಮುಟ್ಟುವ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ರಸ್ತೆಗಿಳಿದರು. ಮುಂದಾಳು ಅಂತ ಯಾರೂ ಇಲ್ಲ, ಬ್ಯಾನರ್ ಇಲ್ಲ. ಹೊಸೂರು ರಸ್ತೆ ಬಂದ್. ಲಾಠಿ, ಅಶ್ರುವಾಯು ಎಲ್ಲ ಆಯ್ತು. ಎರಡನೇ ದಿನ ಸಂಜೆಗೆ ಸರ್ಕಾರ ನಿಯಮ ವಾಪಸ್ ತಗೊಂಡಿತು. ಆ ಗುಂಪಿನಲ್ಲಿ ನಮ್ಮಕ್ಕನೂ ಇದ್ದಳು. ರಾತ್ರಿ ಮನೆಗೆ ಬಂದಾಗ ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. "ದುಡ್ಡು ಉಳೀತು ಕಣ್ಲಾ" ಅಂದಳು. ಅಷ್ಟೇ ಅಂದದ್ದು.

ಆ ದುಡ್ಡಿನ ಮೇಲೆ ಅವಳಿಗೊಂದು ಲೆಕ್ಕ ಇತ್ತು. ಒಂದು ಪವರ್ ಮಿಷನ್ನು, ಒಂದು ಓವರ್‌ಲಾಕ್ ಮಿಷನ್ನು ಕೊಳ್ಳೋದು. ಊರಿಗೆ ಹೋಗಿ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಅಂಗಡಿ ಹಾಕೋದು. ರವಿಕೆ, ಚೂಡಿದಾರ, ಮಕ್ಕಳ ಫ್ರಾಕು. ಅವಳ ಕನಸು ಅಷ್ಟೇ.

ಒಂದು ವರ್ಷ ಕಳೆಯಿತು. ನಾನು ಮೂರು ದಿನ ಊಟ ಬಿಟ್ಟು ಮುಖ ಊದಿಸಿಕೊಂಡು ಕೂತೆ. ನಾಲ್ಕನೇ ದಿನ ಅಕ್ಕ ಕೆಲಸಕ್ಕೆ ರಾಜೀನಾಮೆ ಬರೆದುಕೊಟ್ಟಳು. ಕೆಲಸ ಬಿಟ್ಟು ಎರಡು ತಿಂಗಳು ಕಾದರೆ ಪೂರ್ತಿ ಪಿಎಫ್ ಬಿಡಿಸಬಹುದು ಅಂತ ಲೈನಿನವರೆಲ್ಲ ಮಾಡುತ್ತಿದ್ದ ಉಪಾಯ ಅದು. ಆ ಫ್ಯಾಕ್ಟರಿಯಲ್ಲಿ ಅವಳಿಗೆ ನಾಲ್ಕು ವರ್ಷ ಆಗಿತ್ತು. ಐದು ತುಂಬಿದ್ದರೆ ಗ್ರಾಚುಟಿಯೂ ಸಿಗುತ್ತಿತ್ತು. ಅದೂ ಹೋಯ್ತು. ಆ ಎರಡು ತಿಂಗಳು ಪಕ್ಕದ ಮನೆಯವರ ಹಳೇ ಮಿಷನ್ನಿನಲ್ಲಿ ರವಿಕೆ ಹೊಲಿದು ಬಾಡಿಗೆ ಕಟ್ಟಿದಳು. ಕೈಗೆ ಬಂದದ್ದು 44 ಸಾವಿರ ಚಿಲ್ಲರೆ. 38 ನನ್ನ ಕೈಗಿಟ್ಟಳು.

ನಾನು ಎಣಿಸಿಕೊಂಡೆ, ಮಿತ್ರರೇ. ಅಕ್ಕ ಕೊಟ್ಟ ದುಡ್ಡನ್ನು ಅವಳ ಎದುರಿಗೇ ಎರಡು ಸಲ ಎಣಿಸಿಕೊಂಡೆ.

ಅಕ್ಕ ನೋಡಿದ ಫೋಟೋ

ಎರಡು ಗಂಟೆ ಕ್ಯಾಮೆರಾ ಮುಂದೆ ನಿಂತೆ. ಮೂರು ಡ್ರೆಸ್ಸು, ಮೂರೂ ಅವರದೇ. ನನ್ನ ಅಳತೆಗೆ ದೊಗಲೆ. ಬೆನ್ನ ಹಿಂದೆ ಕ್ಲಿಪ್ಪು ಹಾಕಿ ಬಿಗಿ ಮಾಡಿದರು. ಮುಂದಿನಿಂದ ರಾಜಕುಮಾರ, ಹಿಂದಿನಿಂದ ಬಟ್ಟೆ ಒಣಗಿಸೋ ಹಗ್ಗ! ವಾರದ ಮೇಲೆ ಆಲ್ಬಂ ಕೊಟ್ಟರು. ಜೊತೆಗೆ "ಗ್ರೂಮಿಂಗ್ ಫೀಸು ಇನ್ನೊಂದು 20,000 ಕಟ್ಟಿದರೆ ಶೋ" ಅಂದರು. ಇಲ್ಲ ಅಂದೆ. "ಪರವಾಗಿಲ್ಲ, ಕಾಲ್ ಮಾಡ್ತೀವಿ" ಅಂದರು. ಮುಂದಿನ ತಿಂಗಳು ನಾನೇ ಹೋದೆ. ಮೂರನೇ ಮಹಡಿಯ ಬಾಗಿಲಿಗೆ ಬೀಗ. ಹೊರಗೆ ನನ್ನಂಥವರೇ ಆರು ಜನ, ಎಲ್ಲರ ಕಂಕುಳಲ್ಲೂ ಅದೇ ಆಲ್ಬಂ.

ಆ ರಾತ್ರಿ ಅಕ್ಕ ಆಲ್ಬಂ ಕೇಳಿದಳು. ಕೊಟ್ಟೆ. ಬೈತಾಳೆ ಅಂತ ಗೋಡೆ ಕಡೆ ತಿರುಗಿ ಮಲಗಿದ್ದೆ. ಅವಳು ಬೈಯಲಿಲ್ಲ. ಒಂದು ಫೋಟೋವನ್ನು ಬಲ್ಬಿನ ಹತ್ತಿರ ಹಿಡಿದು ನೋಡಿದಳು.

"ಈ ಶರಟು ಯಾವನ್ಲಾ ಒಲ್ದೋನು? ಕಾಲರ್ ಮೂತಿ ಒಂದು ಉದ್ದ, ಒಂದು ಮೋಟು. ನಮ್ ಲೈನಲ್ಲಾದ್ರೆ ಚೆಕಿಂಗ್ ಟೇಬಲ್ಲಲ್ಲೇ ವಾಪಸ್ ಬತ್ತಿತ್ತು."

ನಾನು ಎದ್ದು ಕೂತೆ. ಆ ಫೋಟೋವನ್ನು ನಾನು ನೂರು ಸಲ ನೋಡಿದ್ದೆ. ನನ್ನ ಮುಖ ಬಿಟ್ಟು ಬೇರೇನೂ ನೋಡಿರಲಿಲ್ಲ. "ನಿಂಗೆ ಹೆಂಗೆ ಗೊತ್ತು?" ಅಂದೆ. ಅವಳು ನಗುತ್ತಾ ಹೇಳಿದಳು: "ನಾಕು ವರ್ಸದಿಂದ ನಾ ಕೂತಿದ್ದೇ ಕಾಲರ್ ಮಿಷನ್ ಮೇಲೆ ಕಣ್ಲಾ. ಗಂಟೆಗೆ 80 ಪೀಸು."

ನಾಲ್ಕು ವರ್ಷ ಒಂದೇ ಸೂರಿನಡಿ ಇದ್ದು ಅವಳು ಏನು ಹೊಲಿಯುತ್ತಾಳೆ ಅಂತ ನಾನು ಒಂದು ದಿನ ಕೇಳಿರಲಿಲ್ಲ. ಅಮೆರಿಕಾದ, ಯೂರೋಪಿನ ಅಂಗಡಿಯಲ್ಲಿ ಗಾಜಿನ ಹಿಂದೆ ನೇತು ಹಾಕುವ ಶರಟಿನ ಕಾಲರು ನಮ್ಮಕ್ಕನ ಕೈಯಿಂದ ಹೋಗುತ್ತಿತ್ತು. ಫ್ಯಾಷನ್ ಇಂಡಸ್ಟ್ರಿ ನನ್ನ ಪಕ್ಕದಲ್ಲೇ ಚಾಪೆ ಹಾಸಿ ಮಲಗುತ್ತಿತ್ತು. ನಾನು ಮೂರನೇ ಮಹಡಿಯಲ್ಲಿ ಹುಡುಕುತ್ತಿದ್ದೆ!

ನಾಲ್ಕು ಶರಟು, ಒಂದು ರಾತ್ರಿ

ಈಗ ಇನ್ನೊಬ್ಬನ ಕಥೆ. ನಮ್ಮ ಅಕ್ಕಪಕ್ಕದ ರೂಮಿನಲ್ಲೇ ಇದ್ದ ಹಾಸನದ ಗೆಳೆಯ. ಅವನಿಗೂ ಸಿನಿಮಾ ಹುಚ್ಚು, ನನಗಿಂತ ಒಂದು ಕೈ ಹೆಚ್ಚು. ಆದರೆ ಅವನಿಗೆ ಪಿಎಫ್ ತೆಗೆದುಕೊಡುವ ಅಕ್ಕ ಇರಲಿಲ್ಲ. ಅದೇ ಅವನ ಅದೃಷ್ಟ ಅನ್ನಿ.

ಎಸ್ಸೆಸ್ಸೆಲ್ಸಿ ಆದ ಮೇಲೆ ಚಿಕ್ಕಪೇಟೆಯ ಗಲ್ಲಿಯೊಂದರಲ್ಲಿ ಟೈಲರ್ ಅಂಗಡಿಗೆ ಸೇರಿದ. ಮೊದಲ ವರ್ಷ ಕಾಜಾ, ಗುಂಡಿ, ಇಸ್ತ್ರಿ, ಟೀ ತರೋದು. ಎರಡನೇ ವರ್ಷ ಪ್ಯಾಂಟಿನ ಮಡಿಕೆ, ಆಲ್ಟರೇಷನ್. ಮೂರನೇ ವರ್ಷ ಮಾಸ್ಟರ್ ಕತ್ತರಿ ಮುಟ್ಟಲು ಬಿಟ್ಟರು. ನಾನು ಅವನನ್ನು ನೋಡಿ ನಗುತ್ತಿದ್ದೆ. "ಏನೋ, ಗುಂಡಿ ಸ್ಟಾರ್!" ಅಂತ ಕರೆಯುತ್ತಿದ್ದೆ.

ಒಂದು ಸಂಜೆ ಆ ಅಂಗಡಿಗೆ ಗಾಂಧಿನಗರದ ಕಾಸ್ಟ್ಯೂಮರ್ ಒಬ್ಬರು ಓಡಿ ಬಂದರು. ಮರುದಿನ ಬೆಳಿಗ್ಗೆ ಫೈಟ್ ಸೀನು. ಹೀರೋನ ಶರಟು ಒಂದೇ ಇದೆ, ಇನ್ನೂ ನಾಲ್ಕು ಬೇಕು. ಯಾಕೆ ನಾಲ್ಕು? ಕೇಳಿ, ನೀವು ಫಸ್ಟ್ ಡೇ ಫಸ್ಟ್ ಶೋ ನೋಡುವ ಜನ, ಇದು ತಿಳಿದಿರಲಿ. ಒಂದು ಹೀರೋಗೆ. ಒಂದು ಡೂಪ್‌ಗೆ, ಅವನ ಮೈಯ ಅಳತೆಗೆ, ಒಳಗೆ ಪ್ಯಾಡ್ ಕೂರಲು ಜಾಗ ಬಿಟ್ಟು. ಒಂದು ಹರಿಯೋದಕ್ಕೆ. ಒಂದು ರಕ್ತ ಬಳಿಯೋದಕ್ಕೆ, ಏಕೆಂದರೆ ಟೇಕ್ ಸರಿ ಬರದಿದ್ದರೆ ಒಗೆದು ಒಣಗಿಸುತ್ತಾ ಕೂರೋಕಾಗಲ್ಲ. ನಾಲ್ಕೂ ಒಂದೇ ಥಾನಿನ ಬಟ್ಟೆ ಆಗಬೇಕು, ಬಣ್ಣ ಒಂದು ಎಳೆ ಹೆಚ್ಚುಕಮ್ಮಿಯಾದರೂ ಕ್ಯಾಮೆರಾ ಹಿಡಿದುಬಿಡುತ್ತದೆ.

ಮಾಸ್ಟರ್‌ಗೆ ಅಂದು ಜ್ವರ. ನಮ್ಮ ಹಾಸನದವನು ಒಬ್ಬನೇ ರಾತ್ರಿಯಿಡೀ ಕೂತು ಬೆಳಿಗ್ಗೆ ಐದಕ್ಕೆ ನಾಲ್ಕೂ ಶರಟು ಇಸ್ತ್ರಿ ಮಾಡಿ ಕೊಟ್ಟ. ಕಾಸ್ಟ್ಯೂಮರ್ ಒಂದೊಂದನ್ನೂ ತಿರುವಿ ನೋಡಿದರು. ಮಾತಾಡಲಿಲ್ಲ. ಗಾಡಿ ಹತ್ತುವಾಗ, "ನೀನೂ ಬಾರಯ್ಯ, ಸ್ಪಾಟಲ್ಲಿ ಹರಿದ್ರೆ ಬೇಕಾಗ್ತೀಯ" ಅಂದರು. ಅವನು ಹೋದವನು ಚಿಕ್ಕಪೇಟೆಗೆ ವಾಪಸ್ ಬರಲಿಲ್ಲ!

ಇವತ್ತು ಅವನು ಸೆಟ್ಟಿನಲ್ಲಿ ಕಾಸ್ಟ್ಯೂಮ್ ಇನ್‌ಚಾರ್ಜ್. ಒಂದು ದಿನ ಅವನ ಹಿಂದೆ ಸುತ್ತಿದೆ, ನಿಮಗೋಸ್ಕರ. ಬೆಳಿಗ್ಗೆ ಐದೂವರೆಗೆ ಟ್ರಂಕು ತೆರೆಯುತ್ತಾನೆ. ಯಾವ ಸೀನಿಗೆ ಯಾವ ಬಟ್ಟೆ ಅಂತ ಚೀಟಿ ಸಿಕ್ಕಿಸಿರುತ್ತಾನೆ. ಸಿನಿಮಾದಲ್ಲಿ ಬಾಗಿಲ ಹೊರಗಿನ ಶಾಟು ಇವತ್ತು ಮೈಸೂರಿನಲ್ಲಿ, ಒಳಗಿನ ಶಾಟು ತಿಂಗಳ ಮೇಲೆ ಬೆಂಗಳೂರಿನಲ್ಲಿ ತೆಗೆಯುತ್ತಾರೆ. ತೆರೆಯ ಮೇಲೆ ಅದು ಎರಡು ಸೆಕೆಂಡಿನ ಅಂತರ. ತೋಳು ಎಷ್ಟು ಮಡಚಿತ್ತು, ಮೇಲಿನ ಗುಂಡಿ ಹಾಕಿತ್ತೋ ಬಿಚ್ಚಿತ್ತೋ, ಹೆಗಲ ಮೇಲಿನ ಧೂಳು ಎಡಕ್ಕಿತ್ತೋ ಬಲಕ್ಕಿತ್ತೋ, ಎಲ್ಲಕ್ಕೂ ಫೋಟೋ ತೆಗೆದಿಟ್ಟಿರುತ್ತಾನೆ. ಇದೇ ಕಂಟಿನ್ಯುಟಿ. ತಪ್ಪಿದರೆ ಥಿಯೇಟರಿನಲ್ಲಿ ಮೊದಲು ಶಿಳ್ಳೆ ಹಾಕೋರು ನೀವೇ!

ಹೊಸ ಬಟ್ಟೆಯನ್ನು ಹಳತು ಮಾಡೋದೂ ಅವನದೇ ಕೆಲಸ. ಕೂಲಿಯವನ ಪಾತ್ರಕ್ಕೆ ಅಂಗಡಿಯ ಮಡಿಕೆ ಇರೋ ಶರಟು ಕೊಡೋಕಾಗುತ್ತಾ? ಟೀ ಡಿಕಾಕ್ಷನ್ನಿನಲ್ಲಿ ಅದ್ದುತ್ತಾನೆ, ಕಾಲರಿಗೆ ಮೊಣಕೈಗೆ ಉಪ್ಪುಕಾಗದ ಉಜ್ಜುತ್ತಾನೆ, ಕಲ್ಲಿಗೆ ಬಡಿದು ಒಗೆಯುತ್ತಾನೆ. ಎರಡು ದಿನಕ್ಕೆ ಐದು ವರ್ಷದ ಶರಟು ರೆಡಿ. ಹೀರೋ ಕಣ್ಣೀರು ಹಾಕಿದಾಗ ನೀವು ಕರಗೋದರಲ್ಲಿ ಆ ಸವೆದ ಕಾಲರಿನ ಪಾಲೂ ಇದೆ.

ಸೂಜಿಯಿಂದ ಆಸ್ಕರ್‌ವರೆಗೆ

"ಹೊಲಿಗೆ ಕಲಿತು ಏನಾಗಬೇಕು ಬಿಡು" ಅನ್ನೋರಿಗೆ ಒಂದು ಮಾತು. ಆಸ್ಕರ್ ಗೆದ್ದ ಮೊದಲ ಭಾರತೀಯರು ಯಾರು? ನಟರಲ್ಲ, ಡೈರೆಕ್ಟರ್ ಅಲ್ಲ. ವಸ್ತ್ರ ವಿನ್ಯಾಸಕಿ ಭಾನು ಅಥೈಯಾ. ನಮ್ಮ ಬೆಳಗಾವಿ ಗಡಿಯಾಚೆಯ ಕೊಲ್ಲಾಪುರದವರು. ಬಾಂಬೆಯ ಜೆ.ಜೆ. ಕಲಾಶಾಲೆಯಲ್ಲಿ ಓದಿ, ಹೆಂಗಸರ ಪತ್ರಿಕೆಗೆ ಫ್ಯಾಷನ್ ಚಿತ್ರ ಬರೆಯುತ್ತಾ ಶುರು ಮಾಡಿದರು. 1956ರ 'ಸಿ.ಐ.ಡಿ.'ಯಂಥ ಚಿತ್ರಗಳಿಂದ ಹೆಸರಾಗಿ, ನೂರಕ್ಕೂ ಹೆಚ್ಚು ಚಿತ್ರಗಳಿಗೆ ಬಟ್ಟೆ ತೊಡಿಸಿ, 'ಗಾಂಧಿ' ಚಿತ್ರಕ್ಕೆ ಜಾನ್ ಮೊಲ್ಲೊ ಜೊತೆ 1983ರಲ್ಲಿ ಆಸ್ಕರ್ ಪಡೆದರು. 2012ರಲ್ಲಿ ಆ ಪ್ರತಿಮೆ ಭದ್ರವಾಗಿರಲಿ ಅಂತ ಅಕಾಡೆಮಿಗೇ ವಾಪಸ್ ಕೊಟ್ಟರು. 2020ರಲ್ಲಿ ತೀರಿಕೊಂಡರು.

ನಮ್ಮ ಕನ್ನಡದಲ್ಲೇ ನೋಡಿ. ಗಿರೀಶ್ ಕಾಸರವಳ್ಳಿಯವರ 'ತಾಯಿ ಸಾಹೇಬ' (1997) ಚಿತ್ರದ ವಸ್ತ್ರಗಳಿಗೆ ವೈಶಾಲಿ ಕಾಸರವಳ್ಳಿ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. 2022ರ 'ಕಾಂತಾರ'ದಲ್ಲಿ ಕರಾವಳಿಯ ಲುಂಗಿ, ಸೀರೆ, ಶರಟು ನೋಡಿ "ಅರೆ, ಇದು ನಮ್ಮೂರೇ" ಅಂತ ದೇಶಕ್ಕೆ ದೇಶವೇ ಅಂದಿತಲ್ಲ, ಆ ಬಟ್ಟೆ ಆರಿಸಿದವರು ಪ್ರಗತಿ ಶೆಟ್ಟಿ. ಹಿಂದಿಯ ಮನೀಶ್ ಮಲ್ಹೋತ್ರಾ ಫ್ಯಾಷನ್ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾ ಕಲಿತರು. 1995ರ 'ರಂಗೀಲಾ' ಅವರನ್ನು ಎತ್ತಿ ನಿಲ್ಲಿಸಿತು. ಇನ್ನೊಂದು ಕಡೆ ಸಬ್ಯಸಾಚಿ ಮುಖರ್ಜಿ; ಅವರು ಕಲ್ಕತ್ತಾದ ನಿಫ್ಟ್‌ನಲ್ಲಿ ಓದಿ ಬಂದವರು, 'ಬ್ಲ್ಯಾಕ್' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಎರಡು ದಾರಿಯೂ ಉಂಟು.

ದಾರಿ ಕೇಳಿದವರಿಗೆ

ಈಗ ಬರೀ ಉಪಯೋಗದ ಮಾತು. ಬೇಕಾದರೆ ಈ ಪುಟ ಹರಿದು ಜೇಬಲ್ಲಿಟ್ಟುಕೊಳ್ಳಿ.

ಪಿಯುಸಿ ಆದವರಿಗೆ ದೊಡ್ಡ ಬಾಗಿಲು ನಿಫ್ಟ್. ಕೇಂದ್ರ ಸರ್ಕಾರದ ಸಂಸ್ಥೆ. ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟಿನಲ್ಲಿದೆ. ಇಲ್ಲಿ ಶುರುವಾದದ್ದು 1997ರಲ್ಲಿ. ಪ್ರವೇಶ ಪರೀಕ್ಷೆ ಇರುತ್ತದೆ: ಚಿತ್ರ ಬಿಡಿಸುವುದು, ಸಾಮಾನ್ಯ ಜ್ಞಾನ, ಇಂಗ್ಲಿಷು, ಆಮೇಲೆ ಕೊಟ್ಟ ಸಾಮಾನಿನಲ್ಲೇ ಒಂದು ವಸ್ತು ಮಾಡಿ ತೋರಿಸುವ ಪರೀಕ್ಷೆ. ಡಿಸೈನ್ ಡಿಗ್ರಿಗೆ ಆರ್ಟ್ಸು, ಕಾಮರ್ಸು, ಸೈನ್ಸು ಯಾವುದಾದರೂ ನಡೆಯುತ್ತದೆ. ಫ್ಯಾಷನ್ ಟೆಕ್ನಾಲಜಿ ಡಿಗ್ರಿಗೆ ಮಾತ್ರ ಗಣಿತ ಬೇಕು. ಫೀಸು ಲಕ್ಷದ ಲೆಕ್ಕ, ಮೊದಲೇ ವಿಚಾರಿಸಿ.

ನನ್ನ ಹಾಗೆ ಪಿಯುಸಿ ಬಿಟ್ಟವರು? ಎದೆಗುಂದಬೇಡಿ. ಎನ್‌ಐಒಎಸ್ ಅಂತ ಕೇಂದ್ರದ ಮುಕ್ತ ಶಾಲೆ ಇದೆ. ಮನೆಯಲ್ಲಿ ಓದಿ ಹನ್ನೆರಡನೇ ತರಗತಿಯ ಪರೀಕ್ಷೆ ಕಟ್ಟಬಹುದು. ಐದು ವಿಷಯ ತೆಗೆದುಕೊಂಡು ಪಾಸಾದರೆ ನಿಫ್ಟ್ ಅದನ್ನು ಒಪ್ಪುತ್ತದೆ. ಇದು 2017ರಲ್ಲಿ ನನಗೆ ಗೊತ್ತಿದ್ದರೆ 38,000ದಲ್ಲಿ ಏನೇನು ಮಾಡಬಹುದಿತ್ತೋ!

ಎಸ್ಸೆಸ್ಸೆಲ್ಸಿ ಆದವರಿಗೆ ಐಟಿಐನಲ್ಲಿ ಹೊಲಿಗೆ ಮತ್ತು ಫ್ಯಾಷನ್ ಡಿಸೈನಿನ ಒಂದು ವರ್ಷದ ಟ್ರೇಡುಗಳಿವೆ. ರಫ್ತು ಉದ್ಯಮದ ತರಬೇತಿ ಕೇಂದ್ರಗಳಲ್ಲಿ ಕಡಿಮೆ ಅವಧಿಯ ಕೋರ್ಸುಗಳಿವೆ. ಹೆಣ್ಣುಮಕ್ಕಳ ಪಾಲಿಟೆಕ್ನಿಕ್ಕಿನಲ್ಲಿ ಉಡುಪು ವಿನ್ಯಾಸದ ಮೂರು ವರ್ಷದ ಡಿಪ್ಲೊಮಾ ಇದೆ. ನಿಮ್ಮ ತಂಗಿಗೆ ಹೇಳಿ. 1961ರ ಕಾಯಿದೆ ಪ್ರಕಾರ ಅಪ್ರೆಂಟಿಸ್ ಆಗಿ ಸೇರಿದರೆ ಕಲಿಯುವಾಗಲೇ ಸ್ಟೈಪೆಂಡ್ ಕೊಡಬೇಕು. ನೋಡಿ, ಇಲ್ಲಿ ದುಡ್ಡು ನಿಮ್ಮ ಕಡೆಗೆ ಬರುತ್ತದೆ!

ಫ್ಯಾಕ್ಟರಿ ಅಂದರೆ ಬರೀ ಮಿಷನ್ ತುಳಿಯೋದು ಅಂತ ತಿಳಿಯಬೇಡಿ. ಅಲ್ಲಿ ಸ್ಯಾಂಪಲ್ ರೂಮು ಅಂತ ಒಂದಿರುತ್ತದೆ. ಹೊಸ ಡಿಸೈನಿನ ಮೊದಲ ಪೀಸು ತಯಾರಾಗೋದು ಅಲ್ಲಿ. ಒಂದು ಇಡೀ ಶರಟನ್ನು ಒಬ್ಬನೇ ಹೊಲಿಯಬಲ್ಲವನಿಗೆ ಅಲ್ಲಿ ಜಾಗ. ಅದರ ಮೇಲೆ ಪ್ಯಾಟರ್ನ್ ಮಾಸ್ಟರ್. ಕಾಗದದ ಮೇಲಿನ ಚಿತ್ರವನ್ನು ಅಳತೆ ಮಾಡಿ ತುಂಡು ತುಂಡಾಗಿ ಕತ್ತರಿಸಿ ಕೊಡುವ ಬ್ರಹ್ಮ ಅವನು. ಡಿಸೈನರ್‌ಗಳು ಹತ್ತು ಜನ ಸಿಗಬಹುದು, ಒಳ್ಳೆ ಪ್ಯಾಟರ್ನ್ ಮಾಸ್ಟರ್ ಸಿಗೋದು ಕಷ್ಟ ಅಂತ ಫ್ಯಾಕ್ಟರಿಯವರೇ ಗೋಳಾಡುತ್ತಾರೆ. ಈಗ ಆ ಕೆಲಸ ಕಂಪ್ಯೂಟರಿನಲ್ಲೂ ಆಗುತ್ತದೆ. ಕೈಕೆಲಸ ಗೊತ್ತಿದ್ದು ಕಂಪ್ಯೂಟರ್ ಕಲಿತವನಿಗೆ ಕೆಲಸದ ಬರ ಕಡಿಮೆ. ಆಮೇಲೆ ಮರ್ಚಂಡೈಸರ್. ವಿದೇಶದ ಗಿರಾಕಿ ಜೊತೆ ಮಾತಾಡಿ, ಬಟ್ಟೆ, ಗುಂಡಿ, ಜಿಪ್ಪು, ತಾರೀಖು ಎಲ್ಲದರ ಲೆಕ್ಕ ಇಡೋನು. ಅದಕ್ಕೆ ಇಂಗ್ಲಿಷು ಬೇಕು.

ಕೆಲಸ ಕೇಳಲು ಹೋಗುವಾಗ ಏನು ಒಯ್ಯಬೇಕು? ನಿಮ್ಮ ಫೋಟೋ ಬೇಡ ಮಾರಾಯ್ರೆ! ನೀವು ಹೊಲಿದ ಮೂರು ಬಟ್ಟೆ ಒಯ್ಯಿರಿ. ಒಂದು ಶರಟು, ಒಂದು ಪ್ಯಾಂಟು, ಒಂದು ನಿಮ್ಮದೇ ತಲೆಯಿಂದ ಬಂದದ್ದು. ನೋಡೋರು ಮೊದಲು ಅದನ್ನು ಒಳಗು ಹೊರಗು ಮಾಡಿ ತಿರುವುತ್ತಾರೆ. ಹೊರಗಿನ ಅಂದ ಎಲ್ಲರೂ ಮಾಡುತ್ತಾರೆ, ಒಳಗಿನ ಹೊಲಿಗೆ ನಿಮ್ಮ ಜಾತಕ ಹೇಳುತ್ತದೆ.

ಸಿನಿಮಾಗೇ ಬರಬೇಕು ಅನ್ನೋರು ಗಾಂಧಿನಗರದಲ್ಲಿ ಹೀರೋ ಹುಡುಕಬೇಡಿ, ಕಾಸ್ಟ್ಯೂಮರ್ ಹುಡುಕಿ. ಮೊದಲು ಬರೀ ಇಸ್ತ್ರಿ ಪೆಟ್ಟಿಗೆ ಕೊಡುತ್ತಾರೆ. ಹಿಡಿದುಕೊಳ್ಳಿ. ಬೇಟಾ ತಡವಾಗಿ ಬರುತ್ತದೆ, ಕೆಲವು ಸಲ ಬರೋದೇ ಇಲ್ಲ. ಚಿತ್ರ ನಿಂತರೆ ಮನೆಯಲ್ಲಿ ಕೂರಬೇಕು. ಹಾಸನದ ಗೆಳೆಯ ಇವತ್ತಿಗೂ ಶೂಟಿಂಗ್ ಇಲ್ಲದ ದಿನ ಗಲ್ಲಿಯಲ್ಲಿ ಆಲ್ಟರೇಷನ್ ಮಾಡುತ್ತಾನೆ. ನಾಚಿಕೆ ಇಲ್ಲ. ಹೊಟ್ಟೆಗೆ ಎರಡು ದಾರಿ ಇಟ್ಟುಕೊಂಡವನು ಗಾಂಧಿನಗರದಲ್ಲಿ ಬದುಕುತ್ತಾನೆ.

ರ‍್ಯಾಂಪೇ ಬೇಕು ಅನ್ನೋರಿಗೆ

ಹಾವೇರಿಯ ತಮ್ಮನಿಗೆ ಇಷ್ಟು ಹೇಳಿದರೂ "ನನಗ ಮಾಡೆಲ್ಲೇ ಆಗಬೇಕ್ರಿ" ಅಂತ ಅನ್ನಬಹುದು. ಆಗಲಿ, ತಪ್ಪೇನಿಲ್ಲ. ಆದರೆ ಲೆಕ್ಕ ತಿಳಿದಿರಲಿ. ರ‍್ಯಾಂಪಿಗೆ ಗಂಡಸರನ್ನು ಸಾಮಾನ್ಯವಾಗಿ ಆರಡಿ ಆಸುಪಾಸಿನವರನ್ನೇ ಕೇಳುತ್ತಾರೆ. ನಾನು ಐದಡಿ ಆರಂಗುಲ! "ಗುಡ್ ಫೇಸ್" ಅಂದ ಮೇಡಂ ಟೇಪು ಹಿಡಿದಿರಲಿಲ್ಲ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು.

ಎತ್ತರ ಇಲ್ಲದವರಿಗೆ ಜಾಹೀರಾತು, ಕ್ಯಾಟಲಾಗ್ ಫೋಟೋ ಇವೆ. ಬೆಂಗಳೂರು ಇದಕ್ಕೆ ಒಳ್ಳೆ ಊರು. 2007ರಲ್ಲಿ ಇಲ್ಲೇ ಹುಟ್ಟಿದ ಮಿಂತ್ರಾದಂಥ ಕಂಪನಿಗಳು ಬಟ್ಟೆ ಮಾರೋದೇ ಫೋಟೋ ತೋರಿಸಿ. ಅಂಥ ಸ್ಟುಡಿಯೊದಲ್ಲಿ ಮಾಡೆಲ್ ಒಬ್ಬ ನಿಂತರೆ ಅವನ ಹಿಂದೆ ಬಟ್ಟೆ ಜೋಡಿಸುವ ಸ್ಟೈಲಿಸ್ಟು, ಇಸ್ತ್ರಿಯವನು, ಮೇಕಪ್ಪಿನವನು, ಲೈಟಿನವನು, ಫೋಟೋ ತಿದ್ದುವವನು ಇರುತ್ತಾರೆ. ಆ ಕೆಲಸಗಳೂ ಫ್ಯಾಷನ್ನೇ.

ನೆಟ್ಟಗಿರುವ ಏಜೆನ್ಸಿ ನಿಮಗೆ ಕೆಲಸ ಕೊಡಿಸಿ, ಬಂದ ದುಡ್ಡಿನಲ್ಲಿ ಕಮಿಷನ್ ಹಿಡಿಯುತ್ತದೆ. ಕೆಲಸಕ್ಕೆ ಮುಂಚೆ ಫೀಸು ಕೇಳೋನು ನಿಮ್ಮನ್ನು ಮಾಡೆಲ್ ಅಂತ ನೋಡಿಲ್ಲ, ಗಿರಾಕಿ ಅಂತ ನೋಡಿದ್ದಾನೆ. ಮೊದಲಿಗೆ ಅವರಿಗೆ ಬೇಕಾಗೋದು ಬಿಳಿ ಗೋಡೆ ಮುಂದೆ, ಸಾದಾ ಬಟ್ಟೆಯಲ್ಲಿ, ಹಗಲು ಬೆಳಕಲ್ಲಿ ತೆಗೆದ ಮೂರು ನಾಲ್ಕು ಫೋಟೋ. ಗೆಳೆಯನ ಫೋನಿನಲ್ಲೇ ಆಗುತ್ತದೆ. ಕೂಲಿಂಗ್ ಗ್ಲಾಸು ತೆಗೆದುಬಿಡು ತಮ್ಮಾ, ಅವರಿಗೆ ಬೇಕಿರೋದು ನಿನ್ನ ಕಣ್ಣು.

ಇನ್ನೊಂದು ಮಾತು. ಯಾರಾದರೂ ಆಗಲೇ ಫೋನಿನಲ್ಲಿ ದುಡ್ಡು ಕಳಿಸಿ ಮೋಸ ಹೋಗಿದ್ದರೆ ಮುಖ ಮುಚ್ಚಿಕೊಂಡು ಕೂರಬೇಡಿ. 1930ಕ್ಕೆ ಫೋನ್ ಮಾಡಿ. ಸೈಬರ್ ವಂಚನೆಗೆ ಸರ್ಕಾರದ ನಂಬರು ಅದು. ಬೇಗ ಹೇಳಿದಷ್ಟೂ ದುಡ್ಡು ತಡೆಯುವ ಅವಕಾಶ ಹೆಚ್ಚು. ನಾನು ಪೊಲೀಸ್ ಸ್ಟೇಷನ್ನಿಗೆ ಹೋಗಲಿಲ್ಲ. ನಾಚಿಕೆ. ಆ ಆರು ಜನರೂ ಹೋಗಲಿಲ್ಲ. ನಮ್ಮ ನಾಚಿಕೆಯೇ ಅವರ ಬಂಡವಾಳ.

ಕೊನೆಗೊಂದು ಲೆಕ್ಕ

ಅಕ್ಕ ಈಗ ಬೇರೆ ಫ್ಯಾಕ್ಟರಿಯಲ್ಲಿದ್ದಾಳೆ. ಮೂರು ವರ್ಷದಿಂದ ಸ್ಯಾಂಪಲ್ ರೂಮಿನಲ್ಲಿ. ಊರಿನ ಅಂಗಡಿಯ ಮಾತು ಅವಳು ಎತ್ತುವುದಿಲ್ಲ. ನಾನೂ ಎತ್ತುತ್ತಿರಲಿಲ್ಲ, ಎತ್ತಲು ಮುಖ ಬೇಕಲ್ಲ. ಕಳೆದ ಯುಗಾದಿಗೆ ಒಂದು ಓವರ್‌ಲಾಕ್ ಮಿಷನ್ ಕಂತಿನಲ್ಲಿ ತಂದು ಮನೆಯಲ್ಲಿಟ್ಟೆ. ಈ ಅಂಕಣಕ್ಕೆ ಸಂಪಾದಕರು ಕೊಡುವ ಕಾಸು ಆ ಕಂತಿಗೇ ಹೋಗುತ್ತದೆ. ಅವಳು ಬಿಲ್ಲು ನೋಡಿ, "ಜಾಸ್ತಿ ಕೊಟ್ಬುಟ್ಟಿದ್ದೀಯ, ಓಗ್ಲಿ ಬುಡು" ಅಂದಳು. ಆಮೇಲೆ ರಾತ್ರಿ ಹನ್ನೊಂದಾದರೂ ಮಿಷನ್ ಸದ್ದು ನಿಲ್ಲಲಿಲ್ಲ. ಪವರ್ ಮಿಷನ್ ಇನ್ನೂ ಬಾಕಿ ಇದೆ. ಅದು ನನ್ನ ಸಾಲ, ಬರೆದಿಟ್ಟಿದ್ದೇನೆ.

ಮೊನ್ನೆ ಹಾವೇರಿ ಹುಡುಗನ ಕಾಗದ ಅವಳಿಗೆ ಓದಿ ಹೇಳಿದೆ. ಫೋಟೋ ಎರಡೂ ತೋರಿಸಿದೆ. ಬೈಕು, ಕೂಲಿಂಗ್ ಗ್ಲಾಸು, ಆಕಾಶ ನೋಡೋ ಪೋಸು, ಯಾವುದನ್ನೂ ಅವಳು ನೋಡಲಿಲ್ಲ. ಶರಟಿನ ತೋಳಿನ ಮೇಲೆ ಬೆರಳಿಟ್ಟಳು. ಅಲ್ಲಿ ಹರಿದಿದ್ದ ಜಾಗಕ್ಕೆ ಯಾರೋ ಒಳಗಿನಿಂದ ತುಂಡು ಕೊಟ್ಟು, ಗೆರೆಗೆ ಗೆರೆ ಕೂಡಿಸಿ ಹೊಲಿದಿದ್ದರು. ಅವಳು ತೋರಿಸುವವರೆಗೆ ನನಗೆ ಕಂಡಿರಲಿಲ್ಲ.

"ಇದು ಅವ್ನೇ ಒಲ್ಕೊಂಡಿದ್ದಾ, ಕೇಳು" ಅಂದಳು. "ಅವ್ನೇ ಆದ್ರೆ ಬಂದು ನನ್ನ ನೋಡ್ಲಿ. ನಮ್ ಸ್ಯಾಂಪಲ್ ರೂಮಲ್ಲಿ ಹೆಲ್ಪರ್ ಬೇಕಾಗವ್ರೆ."

ತಮ್ಮಾ, ಹದಿನೈದು ದಿನ ಇನ್ನೂ ಮುಗಿದಿಲ್ಲ. ಆ ತೋಳು ಹೊಲಿದದ್ದು ಯಾರು? ನೀನಾದರೆ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕು. ಅವ್ವ ಆದರೆ ಅವ್ವನಿಗೆ ನನ್ನ ನಮಸ್ಕಾರ ಹೇಳು, ಅವರ ಹತ್ತಿರವೇ ಮೊದಲು ಕಲಿ.

ಉಳಿದವರೇ, ಮುಂದಿನ ವಾರ ಕಟ್ಟೆಯ ಮೇಲೆ ಗಾಸಿಪ್ ಗ್ಯಾರಂಟಿ. ಬಸ್ ಬಂತು, ಬರ್ತೀನಿ!